ಪ್ರಿಯೊರಾತ್ ಸೀಮೆಯ ಮುದಿ ದ್ರಾಕ್ಷಿ ಬಳ್ಳಿಗಳು

ಸ್ಪೇನ್ ದೇಶದ ಈಶಾನ್ಯಕ್ಕಿರುವ ಕತಲೋನಿಯಾ ಪ್ರಾಂತದಲ್ಲಿ ಪ್ರಿಯೊರಾತ್ ಎಂಬ ಚಿಕ್ಕದೊಂದು ಬೆಟ್ಟದ ಸೀಮೆಯುಂಟು. ಅಲ್ಲಿ ತಯಾರಾಗುವ ಕೆಂಪು ದ್ರಾಕ್ಷಾಮದ್ಯವು ಗಾಢವಾದ ಬಣ್ಣಕ್ಕೂ ತುಂಬು ರುಚಿಗೂ ಹೆಸರಾದುದು. ಮದ್ಯದ ಗುಣದೋಷಗಳ ವಿಚಾರವು ಇಲ್ಲಿ ಪ್ರಕೃತವಲ್ಲ. ಒಮ್ಮೆ ಹಾಳಾದ ಆ ಸೀಮೆಯು ಮರಳಿ ತಲೆಯೆತ್ತಿದ ಕೀರ್ತಿಯು ಯಾರಿಗೆ ಸಲ್ಲತಕ್ಕದ್ದೆಂಬುದು ಮಾತ್ರ ಬೇಸಾಯಗಾರರೆಲ್ಲರೂ ಆಲೋಚಿಸತಕ್ಕ ವಿಷಯವಾಗಿರುವುದು.

ಚಪ್ಪರದ ದ್ರಾಕ್ಷಿಯನ್ನೇ ಕಂಡವರು ಅಲ್ಲಿಯ ಹಳೆಯ ತೋಟಗಳನ್ನು ನೋಡಿದರೆ ಪಾಳುಬಿದ್ದ ಗುಡ್ಡವೆಂದೇ ಭಾವಿಸುವರು. ಮಣ್ಣೆಂಬುದು ಬಹು ವಿರಳ. ಲಿಕೊರೆಲ್ಲಾ ಎಂದು ಆ ಜನರು ಕರೆಯುವ ಕಪ್ಪು, ಕಂದು ಬಣ್ಣದ ಪದರುಗಲ್ಲಿನ ಚೂರುಗಳೇ ಇಳಿಜಾರಿನ ಮೇಲೆಲ್ಲಾ ಹರಡಿರುವುವು. ಮಳೆಯೂ ಅಲ್ಪವೇ. ಬಳ್ಳಿಗೆ ಚಪ್ಪರವಿಲ್ಲ, ತಂತಿಯಿಲ್ಲ. ಗಿಡ್ಡ ಪೊದೆಯಂತೆ ತಾನೇ ನಿಂತು, ಬೇರನ್ನು ಕಲ್ಲಿನ ಬಿರುಕುಗಳೊಳಗೆ ಆಳಕ್ಕೆ ಇಳಿಸಿ ತೇವವನ್ನು ಹುಡುಕಿಕೊಳ್ಳುವುದು. ಕಡಿದಾದ ಇಳಿಜಾರುಗಳಲ್ಲಿ ಯಂತ್ರವು ಹತ್ತಲಾರದಾದುದರಿಂದ ಹೇಸರಗತ್ತೆಗಳಿಂದಲೇ ಉಳುವ ತೋಟಗಳು ಇಂದಿಗೂ ಇವೆ. ಗಾರ್ನಾಚಾ ಮತ್ತು ಕಾರಿನ್ಯೇನಾ ಎಂಬೆರಡು ಜಾತಿಗಳೇ ಅಲ್ಲಿ ಮುಖ್ಯವಾದುವು. ಮುದಿ ಬಳ್ಳಿಗಳಲ್ಲಿ ಗೊಂಚಲುಗಳು ಕೆಲವೇ. ಆದರೆ ರಸವು ಬಹು ಸಾಂದ್ರವಾಗಿರುವುದು.

ಈ ಕೃಷಿಯು ಬಹು ಪುರಾತನವಾದುದು. ಹನ್ನೆರಡನೆಯ ಶತಮಾನದಲ್ಲಿ ಕಾರ್ತೂಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮೊಂತ್ಸಾಂತ್ ಬೆಟ್ಟದ ಬುಡದಲ್ಲಿ ಸ್ಕಾಲಾ ದೇಯಿ, ಎಂದರೆ ದೇವರ ಏಣಿ, ಎಂಬ ಮಠವನ್ನು ಕಟ್ಟಿ ಸುತ್ತಲೂ ದ್ರಾಕ್ಷಿಯನ್ನು ಬೆಳೆಸಿದರು. ಮಠದ ಅಧಿಪತಿಗೆ ಪ್ರಿಯೋರ್ ಎಂದು ಹೆಸರು. ಸೀಮೆಯ ಹೆಸರು ಅದರಿಂದಲೇ ಬಂದುದು. ಕ್ರಿ. ಶ. 1835ರಲ್ಲಿ ಸರ್ಕಾರವು ಮಠದ ಆಸ್ತಿಯನ್ನು ವಶಪಡಿಸಿಕೊಂಡಿತು. 1893ರ ಸುಮಾರಿಗೆ ಅಮೆರಿಕಾ ಖಂಡದಿಂದ ಯೂರೋಪಿಗೆ ಬಂದಿದ್ದ ಫಿಲಾಕ್ಸೆರಾ ಎಂಬ ಬೇರಿನ ಹೇನು ಆ ಬೆಟ್ಟಗಳನ್ನೂ ಹೊಕ್ಕು ತೋಟಗಳನ್ನು ನಾಶಮಾಡಿತು. ಹೇನಿಗೆ ಜಗ್ಗದ ಅಮೆರಿಕದ ಬೇರುಗಿಡಗಳಿಗೆ ಹಳೆಯ ಜಾತಿಗಳನ್ನು ಕಸಿಕಟ್ಟಿದವರು ಕೆಲವರು. ಊರನ್ನೇ ಬಿಟ್ಟುಹೋದವರು ಬಹಳ ಮಂದಿ.

1989ರಲ್ಲಿ ರೆನೆ ಬಾರ್ಬಿಯೇ, ಆಲ್ವಾರೋ ಪಲಾಸಿಯೋಸ್ ಮೊದಲಾದ ಕೆಲವರು ಗ್ರಾತಾಲೋಪ್ಸ್ ಎಂಬ ಹಳ್ಳಿಯಲ್ಲಿ ಜೊತೆಗೂಡಿ ಮದ್ಯವನ್ನು ತಯಾರಿಸಿದರು. ಅದು ಕೆಲವೇ ವರ್ಷಗಳಲ್ಲಿ ಲೋಕವಿಖ್ಯಾತವಾಯಿತು. 2000ದಲ್ಲಿ ಕತಲೋನಿಯಾ ಸರ್ಕಾರವೂ 2009ರಲ್ಲಿ ಸ್ಪೇನ್ ಸರ್ಕಾರವೂ ಈ ಸೀಮೆಗೆ ಅತ್ಯುನ್ನತ ದರ್ಜೆಯ ಮಾನ್ಯತೆಯನ್ನು ಕೊಟ್ಟುವು. ಸ್ಪೇನಿನಲ್ಲಿ ಇಂತಹ ಮಾನ್ಯತೆಯನ್ನು ಪಡೆದ ಇನ್ನೊಂದು ಸೀಮೆಯು ರಿಯೋಹಾ ಮಾತ್ರ. ಸಾಹಸಿಗಳಾದ ಆ ನವಾಗತರ ಕೀರ್ತಿಯು ನ್ಯಾಯವಾದುದೇ. ಆದರೆ ಅವರು ಬಂದಾಗ ಗಾರ್ನಾಚಾದ ಮುದಿ ಬಳ್ಳಿಗಳು ಬೆಟ್ಟದ ಮೇಲೆ ಜೀವಂತವಾಗಿದ್ದುದು ಹೇಗೆ? ತೂಕದ ಲೆಕ್ಕದಲ್ಲಿ ಹಣ್ಣನ್ನು ಸಹಕಾರ ಸಂಘಕ್ಕೆ ಹಾಕಿ, ಬಂದಷ್ಟು ಹಣಕ್ಕೆ ತೃಪ್ತರಾಗಿ, ವರ್ಷ ವರ್ಷವೂ ಚಾಟನಿ ಮಾಡುತ್ತಾ ಬಂದ ಒಕ್ಕಲುಗಳು ಅವನ್ನು ಕೀಳದೆ ಉಳಿಸಿದುದರಿಂದಲ್ಲವೇ? ಹೊಸಬರು ಮೊದಮೊದಲು ಫ್ರಾನ್ಸಿನ ಕಾಬರ್ನೇ, ಸಿರಾ ಜಾತಿಗಳನ್ನೂ ನೆಟ್ಟು ಬೆರಸಿದರು. ಈಗಲಾದರೋ ಹೆಚ್ಚಿನ ಗೌರವವು ಪುನಃ ಆ ಹಳೆಯ ಎರಡು ಜಾತಿಗಳಿಗೇ ಸಲ್ಲುತ್ತಿದೆ.

ಹುಟ್ಟುವಳಿಯ ತೂಕವೊಂದರಿಂದಲೇ ತೋಟದ ಯೋಗ್ಯತೆಯನ್ನು ಅಳೆಯುವ ವಾಡಿಕೆಯು ಇಂತಹ ಕಡೆ ಅನರ್ಥಕಾರಿಯಾದುದು. ಮುದಿ ಬಳ್ಳಿಯ ಹಣ್ಣಿಗೂ ತಪ್ಪಲಿನ ಎಳೆಯ ಬಳ್ಳಿಯ ಹಣ್ಣಿಗೂ ಒಂದೇ ದರವನ್ನು ಕೊಡುವಲ್ಲಿ ಒಕ್ಕಲಿಗನು ಮುದಿ ಬಳ್ಳಿಯನ್ನು ಕಿತ್ತೆಸೆದರೆ ಅವನನ್ನು ದೂಷಿಸುವಂತಿಲ್ಲ. ಸೀಸೆಯ ಮೇಲಣ ಹೆಸರಿಗೆ ಬರುವ ಹಣದಲ್ಲಿ ಬೆಳೆಗಾರನ ಪಾಲು ಬಳ್ಳಿಯ ವಯಸ್ಸನ್ನೂ ಇಳಿಜಾರಿನ ಶ್ರಮವನ್ನೂ ಗಣಿಸಿ ನಿರ್ಣಯವಾಗತಕ್ಕದ್ದು. 2021ರಿಂದ 2024ರವರೆಗೆ ಕತಲೋನಿಯಾದಲ್ಲಿ ತಲೆದೋರಿದ ಭೀಕರ ಕ್ಷಾಮವು ಈ ಪ್ರಶ್ನೆಯನ್ನು ಮತ್ತಷ್ಟು ಬಿಗಿಮಾಡಿರುವುದು. ನೂರು ವರ್ಷದ ಬಳ್ಳಿಯು ಒಣಗಿದರೆ ಅದರ ಸ್ಥಳದಲ್ಲಿ ನೆಟ್ಟ ಸಸಿಯಿಂದ ಅಂತಹ ಹಣ್ಣನ್ನು ಕೊಯ್ಯುವವರು ನೆಟ್ಟವನ ಮೊಮ್ಮಕ್ಕಳು.