ಕೋಪವನ್ನಷ್ಟೇ ಓದಲು ಕಲಿತ ಮಗು

ಪಕ್ಕದವನ ಮೊಣಕೈ ತಾಗಿದ್ದಕ್ಕೇ ಹೊಡೆಯಲು ಹೋಗುವ ಹುಡುಗನನ್ನು ಜಗಳಗಂಟ ಎಂದು ಕರೆದು ಬೆಂಚಿನ ಮೇಲೆ ನಿಲ್ಲಿಸುವುದು ಸುಲಭ. ಬೇಕೆಂದೇ ತಾಗಿಸಿದ ಎಂದು ಅವನಿಗೇಕೆ ಅನ್ನಿಸಿತು ಎಂದು ಕೇಳುವವರು ಕಡಿಮೆ. ಅಮೆರಿಕದ ಮನೋವಿಜ್ಞಾನಿ ಕೆನೆತ್ ಡಾಡ್ಜ್ ಮತ್ತು ಸಂಗಡಿಗರು 1990ರಲ್ಲಿ ಅದನ್ನೇ ಕೇಳಿ ಕಂಡುಕೊಂಡದ್ದು ಇದು: ಮನೆಯಲ್ಲಿ ಪೆಟ್ಟು ತಿಂದ ಪುಟ್ಟ ಮಕ್ಕಳಿಗೆ ಇತರರ ನಡೆಯಲ್ಲಿ ಹಗೆತನವೇ ಹೆಚ್ಚಾಗಿ ಕಾಣುತ್ತಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಮಸುಕಾದ ಮುಖಚಿತ್ರಗಳನ್ನು ಹಂತಹಂತವಾಗಿ ಸ್ಪಷ್ಟಗೊಳಿಸಿ ತೋರಿಸಿದಾಗ, ಏಟು ತಿಂದ ಮಕ್ಕಳು ಕೋಪವನ್ನು ಉಳಿದವರಿಗಿಂತ ಬೇಗ ಗುರುತಿಸಿದರು. ಆರೈಕೆಯೇ ಸಿಗದ ಮಕ್ಕಳ ಪಾಡು ಬೇರೆ. ಒಂದು ಭಾವದಿಂದ ಇನ್ನೊಂದನ್ನು ಬೇರ್ಪಡಿಸುವುದೇ ಅವರಿಗೆ ಕಷ್ಟವಾಗಿತ್ತು.

ಅಪ್ಪನ ಹೆಜ್ಜೆ ಸಪ್ಪಳದಲ್ಲೇ ಅವನ ಸಿಟ್ಟನ್ನು ಅಳೆಯಬೇಕಾದ ಮಗು ಕೋಪ ಓದುವುದರಲ್ಲಿ ಪಳಗುತ್ತದೆ. ಆ ಮನೆಯಲ್ಲಿ ಅದು ಬದುಕುವ ಜಾಣ್ಮೆ. ಆದರೆ ಇನ್ನೊಬ್ಬರ ಮನಸ್ಸಿನಲ್ಲಿ ಮರೆವಿದೆ, ತಪ್ಪು ತಿಳಿವಳಿಕೆಯಿದೆ, ಗೊತ್ತಿಲ್ಲದಿರುವಿಕೆಯೂ ಇದೆ. ಅದನ್ನು ಮಗು ಅರಿತಿದೆಯೇ ಎಂದು ನೋಡುವ ಪರೀಕ್ಷೆಯೊಂದಿದೆ: ಗೊಂಬೆ ಹೊರಹೋದಾಗ ಅದರ ಗೋಲಿಯನ್ನು ಬೇರೆಡೆ ಬಚ್ಚಿಟ್ಟರೆ, ಮರಳಿ ಬಂದ ಗೊಂಬೆ ಎಲ್ಲಿ ಹುಡುಕೀತು? ನಾಲ್ಕೈದು ವರ್ಷಕ್ಕೆ ಬಹುತೇಕ ಮಕ್ಕಳು ‘ಮೊದಲಿಟ್ಟಲ್ಲೇ’ ಎನ್ನುತ್ತಾರೆ. ಇಂಥ ಪರೀಕ್ಷೆಗಳಲ್ಲಿ ದೌರ್ಜನ್ಯಕ್ಕೊಳಗಾದ ಮಕ್ಕಳು ಹಿಂದುಳಿದದ್ದನ್ನು ಮನೋವಿಜ್ಞಾನಿ ಡಾಂಟೆ ಸಿಕೆಟಿ ಅವರ ತಂಡ 2003ರಲ್ಲಿ ತೋರಿಸಿತು. ಅದಕ್ಕೆ ಬಡತನ ಕಾರಣವಿರಬಾರದೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಅಷ್ಟೇ ಬಡವರಾಗಿದ್ದೂ ಹಿಂಸೆ ಕಾಣದ ಮಕ್ಕಳೊಂದಿಗೂ ಹೋಲಿಕೆ ನಡೆದಿತ್ತು.

‘ನಾವೂ ಏಟು ತಿಂದೇ ದೊಡ್ಡವರಾಗಲಿಲ್ಲವೇ?’ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಎಂದೋ ಬಿದ್ದ ಒಂದೇಟಿಗೂ ದಿನನಿತ್ಯದ ಹಿಂಸೆಗೂ ಅಂತರವಿದೆ, ಒಪ್ಪುತ್ತೇನೆ. ಪೆಟ್ಟು ತಿಂದ ಎಲ್ಲರೂ ಹೀಗಾಗುವುದೂ ಇಲ್ಲ. ಈ ಅಧ್ಯಯನಗಳು ಹೇಳುವುದು ಅಪಾಯದ ಹೆಚ್ಚಳವನ್ನು. ಆದರೆ ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ದೌರ್ಜನ್ಯ ಕಂಡವರು. ಚೆನ್ನಾಗಿ ಬೆಳೆದವರ ಉದಾಹರಣೆ ಕೊಟ್ಟು ಇಷ್ಟು ಮಕ್ಕಳನ್ನು ಮರೆಯಲಾಗದು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಆದರೂ ಬೆತ್ತ ಎತ್ತಿದರೆ, ಮನೆಯಲ್ಲಿ ಹೊಡೆಸಿಕೊಂಡ ಹುಡುಗನಿಗೆ ಅದು ಕಲಿಸುವುದಾದರೂ ಏನನ್ನು? ಎದುರಿಗಿರುವವರೆಲ್ಲ ಹೊಡೆಯುವವರೇ ಎಂಬ ಅವನ ಲೆಕ್ಕ ಸರಿ ಎಂಬುದನ್ನು. ಆ ಲೆಕ್ಕ ಬದಲಿಸಲು ಬೇಕಾದದ್ದು ಬೆತ್ತವಲ್ಲ, ಮಾತು. ಭಾವನೆಗಳ ಬಗ್ಗೆ, ಅವುಗಳ ಕಾರಣಗಳ ಬಗ್ಗೆ ಮಾತು ಹೆಚ್ಚಿರುವ ಮನೆಗಳ ಮಕ್ಕಳು ಇತರರ ಮನಸ್ಸನ್ನು ಬೇಗ ಅರಿಯುತ್ತಾರೆಂದು ಮನೋವಿಜ್ಞಾನಿ ಜೂಡಿ ಡನ್ 1991ರಲ್ಲೇ ತೋರಿಸಿದ್ದರು. ಆ ಮಾತು ಮನೆಯಲ್ಲಿ ಸಿಗದ ಹುಡುಗನ ಪಕ್ಕ ಕೂತು, ‘ಅವನು ನೋಡದೆ ತಾಗಿಸಿರಬಹುದಾ?’ ಎಂದು ಕೇಳಲು ಶಿಕ್ಷಕಿಗೆ ಸಮಯ ಬೇಕು, ತರಬೇತಿ ಬೇಕು, ತರಗತಿಯಲ್ಲಿ ಮಕ್ಕಳ ಸಂಖ್ಯೆ ಮಿತಿಯಲ್ಲಿರಬೇಕು. ಅದಕ್ಕೆ ಸರ್ಕಾರ ಹಣ ಕೊಡಲಿ.