ವೈವಾ ಮುಗಿದ ಮೇಲೂ ಊರಲ್ಲಿರಬೇಕು

ಅಮೆರಿಕದ ಅಲಬಾಮಾ ರಾಜ್ಯದ ಹೇಲ್ ಕೌಂಟಿ ಒಂದು ಕಾಲದ ಹತ್ತಿ ಸೀಮೆ, ಈಗ ಬಡವರ ಸೀಮೆ. ಆಬರ್ನ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪದ ಮೇಷ್ಟ್ರು ಸ್ಯಾಮ್ಯುಯೆಲ್ ಮಾಕ್‌ಬೀ, ಸಹೋದ್ಯೋಗಿ ಡಿ.ಕೆ. ರೂತ್ ಜೊತೆ ಸೇರಿ 1993ರಲ್ಲಿ ಅಲ್ಲಿ ‘ರೂರಲ್ ಸ್ಟುಡಿಯೊ’ ಶುರುಮಾಡಿದರು. ವಿದ್ಯಾರ್ಥಿಗಳು ಕ್ಯಾಂಪಸ್ ಬಿಟ್ಟು ಅಲ್ಲಿಯೇ ವಾಸಿಸಬೇಕು. ನಕ್ಷೆ ಬರೆದ ಕೈಗಳೇ ಗಾರೆ ಕಲೆಸಬೇಕು. ಅವರು ಕಟ್ಟಿದ ಮೊದಲ ಮನೆ ವೃದ್ಧ ದಂಪತಿಯೊಂದಕ್ಕೆ. ಒಣಹುಲ್ಲಿನ ಪೆಂಡಿಗಳನ್ನು ಒತ್ತಾಗಿ ಪೇರಿಸಿ ಮೇಲೆ ಗಾರೆ ಮೆತ್ತಿದ ದಪ್ಪ ಗೋಡೆ, ಮುಂದೆ ಕೂತು ಮಾತಾಡಲು ಅಗಲವಾದ ಜಗಲಿ. ಖರ್ಚೂ ಕಡಿಮೆ, ಚಳಿಯೂ ಸೆಕೆಯೂ ಸುಲಭಕ್ಕೆ ಒಳನುಗ್ಗದು.

ಮಾಕ್‌ಬೀ 2001ರಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 2005ರಲ್ಲಿ ವಿದ್ಯಾರ್ಥಿಗಳು ಇಪ್ಪತ್ತು ಸಾವಿರ ಡಾಲರ್ ಮನೆಯ ಯೋಜನೆಗೆ ಕೈಹಾಕಿದರು. ಸರ್ಕಾರಿ ಪಿಂಚಣಿಯಲ್ಲೇ ಬದುಕುವವರು ಎಷ್ಟು ಸಾಲದ ಕಂತು ಕಟ್ಟಬಲ್ಲರು ಎಂದು ಲೆಕ್ಕ ಹಾಕಿ ಹುಡುಕಿದ ಮೊತ್ತವದು. ಸಾಮಗ್ರಿ, ಕೂಲಿ ಎರಡೂ ಅದರೊಳಗೇ ಮುಗಿಯಬೇಕಿತ್ತು. ಒಂದು ಬ್ಯಾಚ್ ಕಟ್ಟಿದ ಮನೆಯಲ್ಲಿ ಜನ ವಾಸವಿದ್ದಾಗಲೇ ಮುಂದಿನ ಬ್ಯಾಚ್ ಇನ್ನೊಂದು ನಮೂನೆ ಕಟ್ಟುತ್ತದೆ. ಹಿಂದಿನವರ ತಪ್ಪು ಪಕ್ಕದ ಬೀದಿಯಲ್ಲೇ ಕಣ್ಣಿಗೆ ಬೀಳುತ್ತದೆ. ಮನೆ ಅಗ್ಗವಾದರೂ ಅಷ್ಟು ಸಣ್ಣ ಸಾಲ ಕೊಡಲು ಬ್ಯಾಂಕುಗಳಿಗೆ ಆಸಕ್ತಿಯಿಲ್ಲ ಎಂಬ ಕಹಿ ಸತ್ಯ ಅವರಿಗೆ ತಿಳಿದದ್ದೂ ಹಾಗೆ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದರಿಂದಲೇ. ಮೂರು ದಶಕ ಕಳೆದರೂ ಅವರು ಊರು ಬದಲಿಸಿಲ್ಲ. ನನಗೆ ಅವರ ಚಂದದ ಕಟ್ಟಡಗಳಿಗಿಂತ ದೊಡ್ಡದಾಗಿ ಕಾಣುವುದು ಈ ಹಟ.

ನಮ್ಮಲ್ಲಿ ಪ್ರತಿಭೆಗೆ ಬರವಿಲ್ಲ. ಅಂತಿಮ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಧನಸಹಾಯ ಕೊಡುತ್ತಾ ಬಂದಿದೆ. ಎನ್ಎಸ್ಎಸ್ ಶಿಬಿರಗಳಲ್ಲಿ ಹುಡುಗರು ಹಳ್ಳಿಗೂ ಹೋಗುತ್ತಾರೆ. ಆದರೆ ಶಿಬಿರ ಏಳು ದಿನಕ್ಕೆ ಮುಗಿಯುತ್ತದೆ, ಪ್ರಾಜೆಕ್ಟ್ ವೈವಾದ ದಿನ ಮುಗಿಯುತ್ತದೆ. ಮಾದರಿ ಲ್ಯಾಬಿನ ಅಟ್ಟ ಸೇರುತ್ತದೆ, ಮಾಡಿದ ಹುಡುಗಿ ಕೆಲಸ ಹುಡುಕಿ ಬೆಂಗಳೂರಿಗೆ ಹೊರಡುತ್ತಾಳೆ. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ, ಅವಳು ಹೋಗಲೇಬೇಕು. ಇರಬೇಕಾದದ್ದು ಕಾಲೇಜು.

ಕಾಲೇಜಿನ ಗೇಟಿನಿಂದ ಹತ್ತು ಕಿಲೋಮೀಟರ್ ಒಳಗೆ ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕ ಇದ್ದೇ ಇರುತ್ತದೆ. ನೀರಿಲ್ಲದ್ದಕ್ಕೆ ಬೀಗ ಬಿದ್ದ ಶಾಲೆಯ ಶೌಚಾಲಯ, ಮಳೆಗೆ ಸೋರುವ ಅಂಗನವಾಡಿ ಇರುತ್ತದೆ. ಈ ವರ್ಷದ ಬ್ಯಾಚ್ ಸರಿಪಡಿಸಿದ್ದನ್ನು ಮುಂದಿನ ಬ್ಯಾಚ್ ಹೋಗಿ ನೋಡಲಿ. ಮತ್ತೆ ಕೆಟ್ಟಿದ್ದರೆ ಯಾಕೆ ಕೆಟ್ಟಿತೆಂದು ಊರವರನ್ನೇ ಕೇಳಿ ಬರೆಯಲಿ. ಆ ವರದಿಗೂ ಅಂಕವಿರಲಿ.

ಪ್ರಾಂಶುಪಾಲರಲ್ಲಿ, ವಿಭಾಗದ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟೇ: ಪ್ರಾಜೆಕ್ಟಿನ ವಿಷಯ ಹಂಚುವ ಮೊದಲು ಗ್ರಾಮ ಪಂಚಾಯಿತಿಯವರ ಜೊತೆ ಕೂತು ಒಂದು ಊರು ಆರಿಸಿಕೊಳ್ಳಿ. ಹತ್ತು ವರ್ಷ ಆ ಊರನ್ನು ಬಿಡಬೇಡಿ.