ಒಲೆ ಮುಂದಿನ ಮಾತು: ಉಣ್ಣುವಾಗ, ಉಂಡ ಮೇಲೆ, ಉಣ್ಣುವ ಮುಂಚೆ



ಕಳೆದ ತಿಂಗಳು ಒಂದು ಸಂಜೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಕಾಲೇಜಿಗೆ ಹೋಗುವ ಮಗಳು ಜಗಲಿಯಲ್ಲಿ ಮೊಬೈಲ್ ಹಿಡಿದು “ಮೊಗುಲ್ ತ್ತೆ, ಮೊಗುಲ್ ತ್ತೆ” ಎಂದು ಗಿಣಿಪಾಠ ಒಪ್ಪಿಸುತ್ತಿದ್ದಳು. “ಏನೇ ಅದು, ಮಗ್ಗಿಯಾ?” ಅಂದೆ. “ಕೊರಿಯನ್ ಅಮ್ಮಾ. ತಿನ್ನುವಾಗ ಅಂತ ಅರ್ಥ” ಅಂದಳು. ಧಾರಾವಾಹಿ ನೋಡಿ ಹತ್ತಿದ ಹುಚ್ಚು! ಬೋರನಕಣಿವೆಯ ತೆಂಗಿನ ತೋಟದಲ್ಲಿ ಇವಳು ಯಾರ ಹತ್ತಿರ ಕೊರಿಯನ್ ಮಾತಾಡ್ತಾಳೋ ಅಂತ ನಗು ಬಂತು.

ಆದರೆ ನೋಟ್‌ಬುಕ್ ತಂದು ತೋರಿಸಿದಾಗ ನನಗೇ ಸೋಜಿಗ. ಇಂಗ್ಲಿಷಿನಲ್ಲಿ ‘ವೆನ್’ ಮೊದಲು ಬರುತ್ತೆ, ಹಿಂದಿಯಲ್ಲಿ ‘ಜಬ್’ ಮೊದಲು. ನಮ್ಮಲ್ಲಿ ಹಾಗಲ್ಲ. ‘ತಿನ್ನುವ’ ಅನ್ನೋದರ ಬಾಲಕ್ಕೆ ‘ಆಗ’ ಸೇರಿಸಿದರೆ ‘ತಿನ್ನುವಾಗ’. ಕೊರಿಯನ್ನಿನಲ್ಲೂ ಅದೇ ಕ್ರಮ. ‘ಮೊಗುಲ್’ ಅಂದರೆ ತಿನ್ನುವ, ‘ತ್ತೆ’ ಅಂದರೆ ಹೊತ್ತು. ‘ಮೊಗುನ್ ಹುಎ’ ಅಂದರೆ ತಿಂದ ಮೇಲೆ, ‘ಮೊಕ್ಕಿ ಜೊನೆ’ ಅಂದರೆ ತಿನ್ನುವ ಮುಂಚೆ. “ನಾಳೆ ಉಂಡ ಮೇಲೆ ಹೊರಡು” ಅಂತೀವಲ್ಲ, ಊಟ ನಾಳೆಯದು, ಮಾತು ಮಾತ್ರ ಆಗಲೇ ಉಂಡ ಹಾಗೆ. ಕೊರಿಯಾದವರೂ ಹೀಗೇ ಹೇಳ್ತಾರಂತೆ. ಅಮ್ಮನಿಗೆ ‘ಒಮ್ಮಾ’, ಅಪ್ಪನಿಗೆ ‘ಅಪ್ಪಾ’. ಹಾಗಂತ ನೆಂಟಸ್ತಿಕೆ ಕಟ್ಟಬೇಡಿ. ಎಷ್ಟೋ ದೇಶದ ಎಳೆಮಕ್ಕಳ ಬಾಯಲ್ಲಿ ಮೊದಲು ಹೊರಡುವ ಸದ್ದುಗಳೇ ಇವು.

ಅಷ್ಟರಲ್ಲಿ ಪಾವಗಡದಿಂದ ನನ್ನ ತಾಯಿಯ ಫೋನು ಬಂತು. ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ಆದರೂ ಹೆಚ್ಚು ಕಡೆ ಆಂಧ್ರವೇ ಸುತ್ತಿಕೊಂಡಿರುವ ತಾಲ್ಲೂಕು. ನಮ್ಮ ತವರಿನ ಮನೆಮಾತು ತೆಲುಗು, ಓದಿದ್ದು ಕನ್ನಡ. ಮೊಮ್ಮಗಳ ಹತ್ತಿರ ಅಮ್ಮ, “ವಚ್ಚೇಟಪ್ಪುಡು ಕೊಬ್ಬರಿ ತೀಸುಕೊನಿ ರಾ” ಅಂದರು. ಮಗಳು ‘ಕೊಬ್ಬರಿ’ ಒಂದನ್ನೇ ಹಿಡಿದುಕೊಂಡು ಪೆಚ್ಚಾಗಿ ಫೋನು ನನಗೆ ಕೊಟ್ಟಳು. ‘ಬರುವಾಗ ಕೊಬ್ಬರಿ ತಗೊಂಡು ಬಾ’ ಅಂತ ಅಷ್ಟೇ. ಕಡಲಾಚೆಯ ‘ತಿನ್ನುವಾಗ’ ಗೊತ್ತು, ಅಜ್ಜಿಯ ‘ಬರುವಾಗ’ ಗೊತ್ತಿಲ್ಲ!

ತಪ್ಪು ಮಗುವಿನದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಮಾತಿಗೆ ಯಾರೋ ನಕ್ಕರು ಅಂತ ತೆಲುಗನ್ನು ಪೆಟ್ಟಿಗೆಯಲ್ಲಿಟ್ಟವಳು ನಾನೇ. ಮಗುವಿಗೆ ಒಂದು ಪದವನ್ನೂ ಹೇಳಿಕೊಡಲಿಲ್ಲ. ಅಮ್ಮನಿಗೀಗ ವಯಸ್ಸಾಗಿದೆ. ಕಲಿತಿದ್ದ ಅಷ್ಟಿಷ್ಟು ಕನ್ನಡವೂ ಮರೆಯುತ್ತಿದೆ. ಅವರಿಗೂ ಮೊಮ್ಮಗಳಿಗೂ ನಡುವೆ ದ್ವಿಭಾಷಿಯಾಗಿ ನಾನೆಷ್ಟು ದಿನ ನಿಲ್ಲಲಿ?

ನಿಮ್ಮ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟೊಂದನ್ನು ತೆಗೆದು ಹಿಂಬದಿ ನೋಡಿ. ಪಟ್ಟಿಯೊಳಗೆ 15 ಭಾಷೆ, ಜೊತೆಗೆ ಹಿಂದಿ, ಇಂಗ್ಲಿಷು. ಮೇಲಿನಿಂದ ನಾಲ್ಕನೆಯ ಸಾಲು ನಮ್ಮ ಕನ್ನಡ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 1950ರಲ್ಲಿ 14 ಭಾಷೆಗಳಿದ್ದವು, ಈಗ 22. ತುಳು, ಕೊಡವ, ಲಂಬಾಣಿ ಇವಕ್ಕೆ ಅಲ್ಲೂ ಜಾಗವಿಲ್ಲ, ನೋಟಿನಲ್ಲೂ ಇಲ್ಲ. ಅವು ಉಳಿದಿರುವುದು ಮನೆಯೊಳಗಿನ ಮಾತಿನಿಂದ. ಪಟ್ಟಿಯಲ್ಲಿ ಹೆಸರಿದ್ದರೂ ಮನೆಯಲ್ಲಿ ಆಡದಿದ್ದರೆ ಏನು ಬಂತು? ನನ್ನ ತೆಲುಗೇ ಸಾಕ್ಷಿ.

ಈಗ ಮಗಳ ನೋಟ್‌ಬುಕ್ಕಿನಲ್ಲಿ ಮೂರನೆಯ ಸಾಲೊಂದು ಎಳೆದಿದ್ದೇವೆ. ತಿನ್ನುವಾಗ: ತಿನೇಟಪ್ಪುಡು. ತಿಂದ ಮೇಲೆ: ತಿನ್ನ ತರ್ವಾತ. ತಿನ್ನುವ ಮುಂಚೆ: ತಿನಕ ಮುಂದು. ಈ ಕೊನೆಯದನ್ನು ಬಿಡಿಸಿದರೆ ‘ತಿನ್ನದೆ ಮುಂಚೆ’ ಅಂದ ಹಾಗಾಗುತ್ತೆ! ನಲವತ್ತು ದಾಟಿದ ಮೇಲೆ ನನ್ನ ಮನೆಮಾತಿನ ಈ ಚಂದ ನನ್ನ ಕಣ್ಣಿಗೆ ಬಿತ್ತು, ಅದೂ ಕೊರಿಯನ್ ದೆಸೆಯಿಂದ.

ನೀವೂ ಮಾಡಿ ನೋಡಿ. ನಿಮ್ಮದು ಉರ್ದುವೋ, ಲಂಬಾಣಿಯೋ, ಮರಾಠಿಯೋ, ಬಡಿಸುವಾಗ ದಿನಕ್ಕೊಂದು ವಾಕ್ಯ ಮಕ್ಕಳಿಗೆ ಹೇಳಿ. ನಕ್ಕವರು ನಗಲಿ. ಮಕ್ಕಳ ಕನ್ನಡಕ್ಕೆ ಇದರಿಂದ ಏನೂ ಕುಂದಿಲ್ಲ.

ಬರುವ ಭಾನುವಾರ ಪಾವಗಡಕ್ಕೆ ಹೊರಟಿದ್ದೇವೆ. ನಮ್ಮ ಮರದ್ದೇ ಹತ್ತು ಗಿಟುಕು ಕೊಬ್ಬರಿ ಚೀಲಕ್ಕೆ ಹಾಕಿಟ್ಟಿದ್ದೇನೆ. ಅಜ್ಜಿಯ ಮುಂದೆ ಹೇಳಲು ಮಗಳು ಎರಡು ವಾಕ್ಯ ಬಾಯಿಪಾಠ ಮಾಡುತ್ತಿದ್ದಾಳೆ.